ನಲವತ್ತೊಂದನೆಯ ಪುಟವನ್ನು ತಿದ್ದಿದ ಮಂಗಲಾ ಬಾಯಿಯವರು

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮೇಲಿನ ತರಗತಿಗೆ ಹೋದರೆ ಇಂಗ್ಲಿಷು, ಹೀಗೆ ಮೂರು ಮಾತುಗಳ ನಡುವೆ ಓದಿ ಬೆಳೆಯುವ, ಮರಾಠಿ ನಾಡಿನ ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮಕ್ಕಳಿಗೆ ವಿಜ್ಞಾನವನ್ನು ಅವರ ಕೈಗೆಟಕುವಂತೆ ಕಲಿಸಿದ ಶಿಕ್ಷಕರ ಹೆಸರು ಹೇಳಬೇಕೆಂದರೆ, ಮೊದಲ ಸಾಲಿನಲ್ಲಿಯೇ ಬರುವ ಹೆಸರು ಶ್ರೀಮತಿ ಮಂಗಲಾ ಉಮಾಕಾಂತ ಶೆಟಕಾರ ಅವರದು. ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಪೂರೈಸಿ, ಎರಡು ಸಾವಿರದ ಇಪ್ಪತ್ತೈದರ ಡಿಸೆಂಬರ್ ಮೂವತ್ತೊಂದರಂದು ಅವರು ಉದಗೀರದ ಪ್ರೌಢಶಾಲೆಯಿಂದ ನಿವೃತ್ತರಾದರು. ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯರನ್ನು ‘ಬಾಯಿ’ ಎಂದು ಕರೆಯುವ ರೂಢಿಯಂತೆ ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ಅವರು ಮಂಗಲಾ ಬಾಯಿ. ಅವರ ಗುಣಗಳನ್ನು ಹೊಗಳುವ ಲೇಖನಗಳು ಈ ಅಭಿನಂದನಾ ಸಂಪುಟದಲ್ಲಿ ಬೇಕಾದಷ್ಟಿವೆ. ಇಲ್ಲಿ ಹೇಳಹೊರಟಿರುವುದು ಅವರು ಮಾಡಿದ ಒಂದು ತಪ್ಪಿನ ಕಥೆಯನ್ನು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯಲಾಗಿದೆ. “ಅದನ್ನ ಬಿಟ್ಟು ಬರದ್ರ ನಂದೇನು ಬರದಂಗಾತು?” ಎಂಬುದು ಅವರ ಮಾತು.

ಉದಗೀರದ ಸಮೀಪದ ಹಳ್ಳಿಯೊಂದರಲ್ಲಿ ಬೆಳಗಿನ ಲಿಂಗಪೂಜೆ ಮುಗಿಯದೆ ಹೊಲದ ಕಡೆ ಮುಖ ಹಾಕದ ಅಮೃತಪ್ಪನವರ ಎರಡನೆಯ ಮಗಳಾಗಿ ಹುಟ್ಟಿದ ಮಂಗಲಾ, ಉದಗೀರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದರು. ಪ್ರಾಣಿಶಾಸ್ತ್ರ ಅವರಿಗೆ ಪ್ರಿಯವಾಗಿತ್ತು. ರಸಾಯನಶಾಸ್ತ್ರವನ್ನು, ಅದರಲ್ಲೂ ಎಂಟ್ರಪಿ ಎಂಬ ಅಧ್ಯಾಯವನ್ನು, ಪರೀಕ್ಷೆಗಾಗಿ ಕಂಠಪಾಠ ಮಾಡಿ ಪರೀಕ್ಷೆಯ ಮರುದಿನವೇ ಮರೆತಿದ್ದರು. ಬಿ.ಎಡ್. ಮುಗಿಸಿ ೧೯೯೧ರಲ್ಲಿ ಕಾಸಾರಶಿರಸಿಯ ಶಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಸೇರಿದರು. ಎರಡು ವರ್ಷಗಳ ನಂತರ ಅದೇ ಊರಿನ ರೈತ ಉಮಾಕಾಂತ ಶೆಟಕಾರರನ್ನು ಮದುವೆಯಾದರು.

ಪಾಠ ಹೇಳುವುದರಲ್ಲಿ ಅವರ ಕೈಗುಣ ಬೇಗನೆ ಸುತ್ತಲೂ ಪ್ರಸಿದ್ಧವಾಯಿತು. ಪುಸ್ತಕದ ಮರಾಠಿ ಅರ್ಥವಾಗದೆ ಕಣ್ಣು ಬಿಡುವ ಮಕ್ಕಳಿಗೆ ಅವರು ಅದೇ ವಿಷಯವನ್ನು ಮನೆಯ ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಗೆ ತಂದು ಬರೆಸುತ್ತಿದ್ದರು. ಆ ಬರಹವೆಲ್ಲ ಸೇರಿ ಒಂದು ನೋಟ್ಸ್ ಆಯಿತು. ನಿಲಂಗಾ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ‘ಶೆಟಕಾರ ಬಾಯಿ ನೋಟ್ಸ್’ ಎಂದು ಕೇಳಿದರೆ ಸಿಗುವಷ್ಟು ಹೆಸರಾಯಿತು. ಆ ನೋಟ್ಸಿನ ನಲವತ್ತೊಂದನೆಯ ಪುಟದಲ್ಲಿ, ಪ್ರಕೃತಿಯಲ್ಲಿ ತಾವಾಗಿಯೇ ನಡೆಯುವ ಬದಲಾವಣೆಗಳ ಬಗ್ಗೆ ಒಂದು ಮಾತಿತ್ತು: ‘ನೀರು ಇಳಿಜಾರಿಗೆ ಹರಿಯುತ್ತದೆ. ಕಟ್ಟಿಗೆ ಉರಿದು ಶಾಖ ಕೊಡುತ್ತದೆ. ಶಕ್ತಿಯನ್ನು ಹೊರಗೆ ಬಿಡುವ ಬದಲಾವಣೆ ಮಾತ್ರ ತಾನಾಗಿಯೇ ಆಗುತ್ತದೆ. ಶಾಖವನ್ನು ಹೀರುವ ಬದಲಾವಣೆ, ಹೊರಗಿನಿಂದ ಕಾಸದ ಹೊರತು, ಆಗುವುದಿಲ್ಲ.’ ಕೇಳಲು ಸರಳ, ನೆನಪಿಡಲು ಸುಲಭ. ಇಪ್ಪತ್ತು ವರ್ಷ ಅವರು ಇದನ್ನೇ ಕಲಿಸಿದರು, ಮಕ್ಕಳು ಇದನ್ನೇ ಬರೆದರು.

೨೦೧೧ರ ಫೆಬ್ರವರಿಯಲ್ಲಿ ಅವರ ಶಿಕ್ಷಣ ಸಂಸ್ಥೆಯು ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗಾಗಿ ಒಂದು ವಿಜ್ಞಾನ ಪರೀಕ್ಷೆಯನ್ನು ನಡೆಸಿತು. ಅದರಲ್ಲಿ ಮೊದಲ ಇಪ್ಪತ್ತು ಸ್ಥಾನ ಗಳಿಸಿದವರಿಗೆ ಉದಗೀರದ ವಸತಿಗೃಹದಲ್ಲಿ ಹನ್ನೆರಡನೆಯ ತರಗತಿಯವರೆಗೆ ಊಟ, ವಸತಿ, ಓದು. ಉತ್ತರಪತ್ರಿಕೆಗಳನ್ನು ನೋಡುವ ಕೆಲಸ ಮಂಗಲಾ ಬಾಯಿಯವರದು. ‘ಶಾಖ ಹೀರುವ ಬದಲಾವಣೆ ತಾನಾಗಿಯೇ ಆಗಲಾರದು: ಸರಿಯೋ ತಪ್ಪೋ, ಕಾರಣ ಕೊಡಿ’ ಎಂಬ ಎರಡು ಅಂಕದ ಪ್ರಶ್ನೆಗೆ ಎಲ್ಲರೂ ‘ಸರಿ’ ಎಂದು ಬರೆದಿದ್ದರು. ಒಂದೇ ಒಂದು ಪತ್ರಿಕೆಯಲ್ಲಿ ‘ತಪ್ಪು’ ಎಂದಿತ್ತು. ‘ಯೂರಿಯಾ ನೀರಿಗೆ ಹಾಕಿದರೆ ನೀರು ತಣ್ಣಗಾಗುತ್ತದೆ. ಯಾರೂ ಕಾಸುವುದಿಲ್ಲ. ಆದರೂ ಕರಗುತ್ತದೆ.’ ಬಾಯಿಯವರು ಅದರ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದರು.

ಆ ಪತ್ರಿಕೆ ಅವರದೇ ಶಾಲೆಯ ಪೂನಮಳದು. ಬೀರಪ್ಪ ದೇವರ ಒಕ್ಕಲಾದ ಕುರಿಗಾರ ರೇವಣಪ್ಪ ಮತ್ತು ರಂಭಾಬಾಯಿಯರ ಮಗಳು. ಮಳೆಗಾಲದಲ್ಲಿ ತಮ್ಮ ಮೂರೆಕರೆಯ ಹೊಲ ನೋಡಿಕೊಂಡು, ದೀಪಾವಳಿ ದಾಟಿದ ಮೇಲೆ ಹಿಂಡು ಹೊಡೆದುಕೊಂಡು ಉಮರ್ಗಾದ ಕಡೆ ಹೋಗುವುದು ಆ ಮನೆಯ ಪದ್ಧತಿ. ಆಗೆಲ್ಲ ಪೂನಮ ಅಜ್ಜಿ ಗುಂಡಮ್ಮನ ಹತ್ತಿರ ಉಳಿದು ಶಾಲೆಗೆ ಬರುತ್ತಿದ್ದಳು. ಪತ್ರಿಕೆಗಳು ಶಾಲೆಗೆ ಮರಳಿದ ದಿನ ಅವಳು ಶಿಕ್ಷಕರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

“ಬಾಯಿ, ನಾ ಬರದಿದ್ದು ಖರೆ ಅದರೀ. ನಾ ಕೈ ಹಾಕಿ ನೋಡೀನಿ.”

“ಪುಸ್ತಕದಾಗ, ನೋಟ್ಸಿನ್ಯಾಗ ಏನದ?”

“ನೋಟ್ಸಿನ್ಯಾಗ ಬ್ಯಾರೆ ಅದರೀ.”

“ಮತ್ತ? ನಿನ್ನ ಕೈ ಶಾಣ್ಯಾ ಅದನೋ, ನೋಟ್ಸ್ ಶಾಣ್ಯಾ ಅದನೋ?”

ಕೋಣೆಯಲ್ಲಿದ್ದ ಶಿಕ್ಷಕರು ನಕ್ಕರು. ಪೂನಮ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಹೋದಳು. ಏಪ್ರಿಲಿನಲ್ಲಿ ಪಟ್ಟಿ ಬಂದಾಗ ಅವಳ ಸ್ಥಾನ ಇಪ್ಪತ್ತೊಂದನೆಯದಾಗಿತ್ತು. ಒಂದು ಅಂಕ ಕಡಿಮೆ. ಮೇ ತಿಂಗಳಲ್ಲಿ ಗುಂಡಮ್ಮ ತೀರಿಕೊಂಡಳು. ಇನ್ನು ದೀಪಾವಳಿಯ ಮೇಲೆ ಹುಡುಗಿಯನ್ನು ಊರಲ್ಲಿ ಯಾರ ಹತ್ತಿರ ಬಿಡುವುದು ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರ ಉಳಿಯಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಒಂದು ಭಾನುವಾರ ಮಂಗಲಾ ಬಾಯಿಯವರು ಹೊಲಕ್ಕೆ ಚಹಾ ಒಯ್ದರು. ಉಮಾಕಾಂತರು ಸೋಯಾಬೀನಿಗೆ ಸಿಂಪಡಿಸಲು ಡ್ರಮ್ಮಿನಲ್ಲಿ ಯೂರಿಯಾ ಕಲಸುತ್ತಿದ್ದರು. ಲೋಟ ಕೊಡಲು ಬಾಗಿದ ಬಾಯಿಯವರು ಆಯ ತಪ್ಪಿ ಡ್ರಮ್ಮಿಗೆ ಕೈ ಊರಿದರು. ತಗಡು ಕೊರೆಯುವಷ್ಟು ತಣ್ಣಗಿತ್ತು. ಅದರ ಹೊರಮೈ ಮೇಲೆ ಸಣ್ಣ ಹನಿಗಳು ಕೂತಿದ್ದವು.

“ಇದ್ಯಾಕ ಇಷ್ಟು ತಣ್ಣಗದ? ಬರಫ್ ಹಾಕೀರೇನು?”

“ಬರಫ್ ಎಲ್ಲಿಂದ ತರ್ಲಿ? ಯೂರಿಯಾ ಹಾಕಿದ್ರ ಯಾವಾಗಲೂ ಹಿಂಗೇ ಆಗತದ. ಸಾಯನ್ಸ್ ಕಲಿಸಾಕಿ ನೀ, ನಿನಗ ಗೊತ್ತಿಲ್ಲೇನು?”

ಮದುವೆಯಾಗಿ ಹದಿನೆಂಟು ವರ್ಷ ಆ ಹೊಲದ ದಾರಿ ತುಳಿದಿದ್ದರೂ ಅವರು ಆ ಡ್ರಮ್ಮಿಗೆ ಕೈ ಹಚ್ಚಿದ್ದು ಅದೇ ಮೊದಲು. ಅವರು ಬದುವಿನ ಮೇಲೆ ಕುಳಿತುಬಿಟ್ಟರು. ಮಡಿಕೆ ಮಾಡಿದ ಆ ಪತ್ರಿಕೆ, ಕೋಣೆಯ ನಗು, ಪಟ್ಟಿಯ ಇಪ್ಪತ್ತೊಂದನೆಯ ಹೆಸರು ಒಂದೊಂದಾಗಿ ನೆನಪಾದವು. ಮರುದಿನ ಶಾಲೆ ತೆರೆಯುವ ಮೊದಲೇ ಹೋಗಿ, ಪ್ರಯೋಗಾಲಯದಲ್ಲಿ ಒಬ್ಬರೇ ನಿಂತು, ನೀರಿನ ಪಾತ್ರೆಯಲ್ಲಿ ತಾಪಮಾಪಕ ಇಟ್ಟು ಒಂದು ಹಿಡಿ ಯೂರಿಯಾ ಸುರಿದರು. ಇಪ್ಪತ್ತೊಂಬತ್ತರಲ್ಲಿದ್ದ ಪಾದರಸ ಹತ್ತೊಂಬತ್ತಕ್ಕೆ ಇಳಿಯಿತು. ಮೂರು ಸಲ ಮಾಡಿದರು. ಮೂರು ಸಲವೂ ಇಳಿಯಿತು.

ಮುಂದಿನ ರವಿವಾರ ಅವರು ಉದಗೀರಕ್ಕೆ ಹೋಗಿ, ಕಾಲೇಜಿನಲ್ಲಿ ತಮಗೆ ರಸಾಯನಶಾಸ್ತ್ರ ಕಲಿಸಿ ಆ ವೇಳೆಗೆ ನಿವೃತ್ತರಾಗಿದ್ದ ನಾಗನಾಥ ಸರ್ ಅವರ ಮನೆಯ ಕದ ತಟ್ಟಿದರು. ಸರ್ ನಡೆದದ್ದನ್ನೆಲ್ಲ ಕೇಳಿಸಿಕೊಂಡರು.

“ನೀ ಒಂದೇ ಮಾತು ಹಿಡಕೊಂಡೀದಿ ಮಂಗಲಾ,” ಎಂದರು. “ವಸ್ತು ತನ್ನ ಶಕ್ತಿ ಇಳಸಕೋತದ, ಅದು ಸುಳ್ಳಲ್ಲ. ಆದ್ರ ಇನ್ನೊಂದು ಮಾತದ. ಕಣಗಳಿಗೆ ಇರಲಿಕ್ಕ ಎಷ್ಟು ದಾರಿ ಅದಾವ ಅನ್ನೂದು. ಹರಳಿನ್ಯಾಗ ಯೂರಿಯಾದ ಕಣ ಕುಂತಲ್ಲೇ ಕುಂತಿರಬೇಕು. ನೀರಿಗೆ ಬಿದ್ದ ಮ್ಯಾಲ ಎಲ್ಲಿ ಬೇಕಾದಲ್ಲಿ ಹೋಗಬಹುದು, ಎಣಸಲಿಕ್ಕ ಆಗದಷ್ಟು ದಾರಿ. ಹರಳು ಬಿಟ್ಟು ಬರಲಿಕ್ಕ ಬೇಕಾದ ಶಾಖ ಆ ನೀರಿನಿಂದಲೇ ತಗೋತಾವ. ಅದಕ್ಕ ನೀರು ತಣ್ಣಗಾಗತದ.”

“ಹಂಗಾದ್ರ ಸುಣ್ಣ, ಸರ್? ನೀರು ಹಾಕಿದ್ರ ಕುದೀತದಲ್ಲ?”

“ಕುದ್ದ ಶಾಖ ಎಲ್ಲಿ ಹೋತು? ಸುತ್ತಲಿನ ಗಾಳಿಗೆ ಹೋತು, ಅಲ್ಲಿ ಹರಡಿತು. ಪಾತ್ರೆ ಒಳಗೂ ನೋಡಬೇಕು, ಹೊರಗೂ ನೋಡಬೇಕು. ಎರಡೂ ಕೂಡಿ ಹರಡೂದು ಹೆಚ್ಚಾಗಿತ್ತಂದ್ರ ಆ ಬದಲಾವಣಿ ತಾನಾಗೇ ಆಗತದ. ಎಂಟ್ರಪಿ ಅಂದ್ರ ಆ ಹರಡೂದರ ಅಳತಿ. ನಿನಗ ಇದನ್ನ ನಾನೇ ಕಲಿಸೀನಿ.”

“ನಾ ಬರೀ ಬಾಯಿಪಾಠ ಮಾಡಿ ಬರದಿದ್ದೆ, ಸರ್.”

“ಹಂಗಿದ್ರ ತಪ್ಪು ನಂದೂ ಅದ,” ಎಂದು ಸರ್ ನಕ್ಕರು. ಬಾಯಿಯವರಿಗೆ ನಗು ಬರಲಿಲ್ಲ.

ಅವರು ಪರೀಕ್ಷಾ ಸಮಿತಿಗೆ ಪತ್ರ ಬರೆದರು. ತಪ್ಪು ತಮ್ಮದೆಂದೂ, ಎರಡು ಅಂಕ ಆ ಹುಡುಗಿಗೆ ಸಲ್ಲಬೇಕೆಂದೂ, ಆದರೆ ಈಗಾಗಲೇ ಸೇರಿರುವ ಯಾವ ಮಗುವನ್ನೂ ಹೊರಗೆ ಹಾಕದೆ ಒಂದು ಸ್ಥಾನ ಹೆಚ್ಚಿಸಬೇಕೆಂದೂ ಕೇಳಿಕೊಂಡರು. ಎರಡು ತಿಂಗಳ ಮೇಲೆ ಬಂದ ಉತ್ತರ ಎರಡೇ ಸಾಲಿನದು: ಪಟ್ಟಿ ಮುಗಿದಿದೆ, ಇಪ್ಪತ್ತು ಮಂಚಗಳಷ್ಟೇ ಇವೆ. ಆ ಪತ್ರ ಕೈಗೆ ಬರುವ ಹೊತ್ತಿಗೆ ದೀಪಾವಳಿ ದಾಟಿತ್ತು. ಪೂನಮಳ ಮನೆಗೆ ಬೀಗ ಬಿದ್ದಿತ್ತು. ಹಿಂಡಿನ ಜೊತೆ ಹುಡುಗಿಯೂ ಹೋಗಿದ್ದಳು.

ಬಾಯಿಯವರು ಉಮರ್ಗಾಕ್ಕೆ ಬಸ್ಸಿನಲ್ಲಿ ಹೋಗಿ, ಕುರಿಗಾರರು ಎಲ್ಲಿ ಇಳಿದಿದ್ದಾರೆಂದು ದಾರಿಯುದ್ದ ಕೇಳುತ್ತ, ಬಿಸಿಲೇರುವ ಹೊತ್ತಿಗೆ ಕೊಯ್ದು ಮುಗಿದ ಒಂದು ಹೊಲವನ್ನು ತಲುಪಿದರು. ರಂಭಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಪೂನಮ ಬಾಯಿಯವರನ್ನು ನೋಡಿ ಎದ್ದು ನಿಂತಳೇ ಹೊರತು ಹತ್ತಿರ ಬರಲಿಲ್ಲ. ರೇವಣಪ್ಪ ಕಂಬಳಿ ಹಾಸಿ ಕೂರಿಸಿದ. ನೀರು ಕುಡಿದು ಬಾಯಿಯವರು ಸುತ್ತು ಬಳಸದೆ ಹೇಳಿದರು: “ನಿಮ್ಮ ಹುಡುಗಿ ಖರೆ ಬರದಿದ್ದಳು. ತಪ್ಪು ನಾ ಮಾಡೀನಿ. ಸಮಿತಿ ಕೇಳವಲ್ದು. ನಮ್ಮ ಮನ್ಯಾಗ ಇರಲಿ, ನಾ ಓದಸ್ತೀನಿ.”

ರೇವಣಪ್ಪ ಹೆಂಡತಿಯ ಕಡೆ ನೋಡಿದ. ರಂಭಾಬಾಯಿ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ಮುಖ ಎತ್ತಿದಳು.

“ನಿಮ್ಮ ಮನ್ಯಾಗ ಬ್ಯಾಡ್ರೀ ಬಾಯಿ. ಒಬ್ಬರ ಮನ್ಯಾಗ ಇದ್ರ ನಾಳೆ ಅದು ಉಪಕಾರ ಆಗತದ. ಎಲ್ಲಾರ ಮುಂದ ನಕ್ಕೀರಂತ. ಎಲ್ಲಾರ ಮುಂದ ಹೇಳ್ರಿ, ಆಕಿ ಖರೆ ಬರದಾಳ ಅಂತ. ನನಗ ಅಷ್ಟೇ ಸಾಕು.”

“ಹೇಳ್ತೀನಿ,” ಎಂದರು ಬಾಯಿಯವರು.

ಆ ಮಾತು ಮುಗಿದ ಮೇಲೆ ರೇವಣಪ್ಪನಿಗೆ ಹಗುರವಾದಂತೆ ಕಂಡಿತು. ಯೂರಿಯಾದ ಸಂಗತಿ ಏನೆಂದು ಕೇಳಿದ. ಬಾಯಿಯವರು ನಾಗನಾಥ ಸರ್ ಹೇಳಿದ್ದನ್ನು ತಮಗೆ ತಿಳಿದಂತೆ ಹೇಳಿದರು. ಅವನು ತಲೆಯಾಡಿಸಿ, “ಇದೇನು ಹೊಸಾದಲ್ಲ ಬಿಡ್ರಿ. ದೊಡ್ಡಿ ಬಾಗಿಲ ತೆಗದ್ರ ಕುರಿ ತಾವೇ ಹರಡತಾವ. ಹರಡ್ರಿ ಅಂತ ಯಾರೂ ಹೇಳೂದಿಲ್ಲ. ಕೂಡಸಬೇಕಂದ್ರ ನಮ್ಮ ಕಾಲ ಬೀಳತಾವ,” ಎಂದ. ಬಾಯಿಯವರು ಚೀಲದಿಂದ ಪೆನ್ನು ತೆಗೆದು ಅದನ್ನು ಅಲ್ಲಿಯೇ ಬರೆದುಕೊಂಡರು. ಆಗ ಮೊದಲ ಸಲ ಪೂನಮಳ ಮುಖದಲ್ಲಿ ಒಂದು ಸಣ್ಣ ನಗು ಸುಳಿದು ಹೋಯಿತು.

ಎಂಟು ದಿನಗಳ ನಂತರ, ಹಿಂಡನ್ನು ತಮ್ಮನಿಗೆ ಒಪ್ಪಿಸಿ ರೇವಣಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಕಾಸಾರಶಿರಸಿಗೆ ಬಂದ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಂಗಲಾ ಬಾಯಿಯವರು ಐನೂರು ಮಕ್ಕಳ ಮುಂದೆ ನಿಂತರು. ಪಕ್ಕದಲ್ಲಿ ನೀರು ತುಂಬಿದ ಒಂದು ಡ್ರಮ್ಮು, ಯೂರಿಯಾದ ಚೀಲ. ತಾವು ಇಪ್ಪತ್ತು ವರ್ಷ ತಪ್ಪು ಕಲಿಸಿದ್ದಾಗಿಯೂ, ಪೂನಮ ಬರೆದದ್ದೇ ಸರಿಯೆಂದೂ, ಅವಳನ್ನು ನಕ್ಕು ಕಳಿಸಿದ್ದು ತಮ್ಮ ಎರಡನೆಯ ತಪ್ಪೆಂದೂ ಮೊದಲು ಮರಾಠಿಯಲ್ಲಿ, ನಂತರ ರಂಭಾಬಾಯಿಗೆ ಸರಿಯಾಗಿ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು. ಆಮೇಲೆ ಚೀಲವನ್ನು ಡ್ರಮ್ಮಿಗೆ ಸುರಿದು, ಕೋಲಿನಿಂದ ತಿರುವಲು ಪೂನಮಳನ್ನೇ ಕರೆದರು. ಮಕ್ಕಳು ಸಾಲಾಗಿ ಬಂದು ಡ್ರಮ್ಮಿನ ಹೊರಮೈ ಮುಟ್ಟಿ ನೋಡಿದರು. ಕೊನೆಯಲ್ಲಿ ರಂಭಾಬಾಯಿಯೂ ಬಂದು ಮುಟ್ಟಿ, ಸೆರಗಿನಿಂದ ಕೈ ಒರೆಸಿಕೊಂಡಳು.

ಮುಖ್ಯಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. “ಹಿಂಗ ಹೇಳಿದ್ರ ನಾಳೆ ಮಕ್ಕಳು ಶಿಕ್ಷಕರನ್ನ ನಂಬ್ತಾವೇನ್ರೀ?” ಎಂದು ಕೇಳಿದರು. “ನೋಡಿ ನಂಬಲಿ, ಸರ್,” ಎಂದರು ಬಾಯಿಯವರು. ಆ ವರ್ಷದ ಆದರ್ಶ ಶಿಕ್ಷಕಿ ಪ್ರಶಸ್ತಿಗೆ ಶಾಲೆ ಅವರ ಹೆಸರನ್ನು ಕಳಿಸಿತ್ತು; ಅದನ್ನು ಹಿಂದಕ್ಕೆ ಪಡೆಯಲಾಯಿತು. ಮರುವರ್ಷ ಜೂನಿನಲ್ಲಿ ಸಂಸ್ಥೆಯ ಉಮರ್ಗಾ ಶಾಲೆಗೆ ವರ್ಗವಾಯಿತು.

ಆದರೆ ಸಮಿತಿ ಮಾಡದ ಕೆಲಸವನ್ನು ಉದಗೀರದ ವಸತಿಗೃಹದ ಮೇಲ್ವಿಚಾರಕಿ ಸರುಬಾಯಿ ಮಾಡಿದರು. ಸುದ್ದಿ ಅವರ ಕಿವಿಗೂ ಬಿದ್ದಿತ್ತು. ವರ್ಗಕ್ಕೂ ಮೊದಲೇ, ಆ ಚಳಿಗಾಲದಲ್ಲಿ, ಬಾಯಿಯವರು ಪೂನಮಳನ್ನು ಕರೆದುಕೊಂಡು ಹೋಗಿ ನಿಂತಾಗ ಅವರು ಹೆಚ್ಚು ಮಾತಾಡಲಿಲ್ಲ: “ಪಟ್ಟಿ ಗಿಟ್ಟಿ ನನಗ ಗೊತ್ತಾಗೂದಿಲ್ರೀ. ಮಂಚ ಇಲ್ಲ. ನನ್ನ ಖೋಲ್ಯಾಗ ಒಂದು ಹಾಸಿಗಿ ಹಿಡಿಸ್ತದ.” ಪೂನಮ ಆ ಶೈಕ್ಷಣಿಕ ವರ್ಷದ ಉಳಿದ ತಿಂಗಳುಗಳನ್ನು ಸರುಬಾಯಿಯವರ ಕೋಣೆಯ ನೆಲದ ಮೇಲೆ ಮಲಗಿ ಓದಿದಳು. ಜೂನಿನಲ್ಲಿ ಸಮಿತಿ, ಏನೂ ಆಗಿಲ್ಲವೆಂಬಂತೆ, ಅವಳ ಹೆಸರನ್ನು ಪಟ್ಟಿಗೆ ಸೇರಿಸಿತು.

ಇನ್ನೊಂದು ಕೆಲಸ ಉಳಿದಿತ್ತು. ಬಾಯಿಯವರು ನಲವತ್ತೊಂದನೆಯ ಪುಟವನ್ನು ಹೊಸದಾಗಿ ಬರೆದು, ಅದರಲ್ಲಿ ಶಕ್ತಿಯ ಜೊತೆಗೆ ಹರಡುವಿಕೆಯ ಮಾತನ್ನೂ ಸೇರಿಸಿ, ರೇವಣಪ್ಪನ ಕುರಿಗಳ ಮಾತನ್ನು ಅವನ ಹೆಸರಿನೊಂದಿಗೇ ಹಾಕಿ, ನಿಲಂಗಾದ ಒಂದೊಂದು ಝೆರಾಕ್ಸ್ ಅಂಗಡಿಗೂ ಹೋಗಿ ಹಳೆಯ ಪುಟ ತೆಗೆಸಿ ಹೊಸದನ್ನು ಇಡಿಸಿದರು. “ಇಷ್ಟು ವರ್ಷ ಇದನ್ನೇ ತಗದು ಕೊಟ್ಟೀನಿ ಬಾಯಿ, ಯಾರೂ ಚೂಕ ಅದ, ತಪ್ಪು ಅದ ಅಂದಿಲ್ಲ,” ಎಂದ ಒಂದು ಅಂಗಡಿಯ ಮಾಲೀಕ ಪಂಡಿತ. “ಒಬ್ಬಾಕಿ ಅಂದಿದ್ಲು ಪಂಡಿತ, ನಾ ಕೇಳಲಿಲ್ಲ,” ಎಂದರು ಬಾಯಿಯವರು. ವಿಳಾಸ ಸಿಕ್ಕ ಹಳೆಯ ವಿದ್ಯಾರ್ಥಿಗಳಿಗೆಲ್ಲ ಆ ಪುಟವನ್ನು ಅಂಚೆಯಲ್ಲಿ ಕಳಿಸಿದರು. ಎಷ್ಟೋ ಜನ ಅದನ್ನು ಮದುವೆಯ ಪತ್ರಿಕೆಯೆಂದು ತಿಳಿದು ಒಡೆದರಂತೆ.

ಉಮರ್ಗಾದ ನಾಲ್ಕು ವರ್ಷ, ಆಮೇಲೆ ಉದಗೀರದ ಒಂಬತ್ತೂವರೆ ವರ್ಷ, ಅವರ ಪಾಠದ ರೀತಿ ಬೇರೆಯಾಯಿತು. ಯಾವ ಮಾತನ್ನೂ ಮಕ್ಕಳು ಮುಟ್ಟಿ ನೋಡದೆ ಬರೆಸಲಿಲ್ಲ. ತುಕ್ಕು ಹಿಡಿದ ಕುಡುಗೋಲು, ಕರ್ಪೂರ, ಒದ್ದೆ ಗೋಣಿಚೀಲ ಸುತ್ತಿದ ನೀರಿನ ಗಡಿಗೆ ಇವೆಲ್ಲ ಅವರ ತರಗತಿಗೆ ಬಂದವು. ಪ್ರಶ್ನೆ ಕೇಳಿದ ಮಗುವಿನ ಹೆಸರನ್ನು ಫಲಕದ ಮೂಲೆಯಲ್ಲಿ ಬರೆದು, ಉತ್ತರ ಸಿಗುವವರೆಗೆ ಅಳಿಸುತ್ತಿರಲಿಲ್ಲ.

ಪೂನಮ ಎರಡು ವರ್ಷ ಅವರೊಡನೆ ಮಾತು ಬಿಟ್ಟಿದ್ದಳು ಎಂಬುದನ್ನೂ ಹೇಳಬೇಕು. ಬಾಯಿಯವರು ವಸತಿಗೃಹಕ್ಕೆ ಹೋದಾಗೆಲ್ಲ ನಮಸ್ಕಾರ ಮಾಡಿ ಒಳಗೆ ಹೋಗಿಬಿಡುತ್ತಿದ್ದಳು. ಬಾಯಿಯವರು ಕಾರಣ ಕೇಳಲಿಲ್ಲ, ಹೋಗುವುದನ್ನೂ ಬಿಡಲಿಲ್ಲ. ಹನ್ನೊಂದನೆಯ ತರಗತಿಯಲ್ಲಿ ಎಂಟ್ರಪಿಯ ಪಾಠ ಬಂದ ದಿನ ಅವಳದೊಂದು ಅಂಚೆಕಾರ್ಡು ಬಂತು: ‘ಬಾಯಿ, ಇವತ್ತು ತರಗತಿಯಲ್ಲಿ ನನಗೊಬ್ಬಳಿಗೇ ತಿಳಿಯಿತು. ರವಿವಾರ ಬರ್ರಿ.’ ಇಂದು ಕೃಷಿ ಪದವಿ ಮುಗಿಸಿ ಉಮರ್ಗಾದಲ್ಲಿ ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ಪೂನಮ, ಈ ಲೇಖನಕ್ಕಾಗಿ ಮಾತಾಡಿಸಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು: “ಸಿಟ್ಟು ಭಾಳ ಇತ್ರೀ. ಆದ್ರ ದೊಡ್ಡವರು ತಪ್ಪಾತು ಅಂದಿದ್ದು ನಾ ನೋಡಿದ್ದು ಅವತ್ತೇ ಮೊದಲ.”

ನಿವೃತ್ತಿಯ ದಿನ ಉದಗೀರದ ಶಾಲೆಯಲ್ಲಿ ಸತ್ಕಾರವಿತ್ತು. ಅದಕ್ಕೂ ಮೊದಲು ಅವರು ಒಂಬತ್ತನೆಯ ತರಗತಿಗೆ ಕೊನೆಯ ಪಾಠ ಹೇಳುತ್ತಿದ್ದರು. ಸೋನಾಲಿ ಎಂಬ ಹುಡುಗಿ ಎದ್ದು, “ಬಾಯಿ, ಎಲ್ಲಾ ಹರಡಕೋತಾವ ಅಂತೀರಿ. ಮತ್ತ ಈ ಥಂಡ್ಯಾಗ ಕೊಬ್ಬರಿ ಎಣ್ಣಿ ಯಾಕ ತಾನಾಗೇ ಹೆಪ್ಪುಗಟ್ಟತದ?” ಎಂದು ಕೇಳಿದಳು. ಅಷ್ಟರಲ್ಲಿ ಗಂಟೆಯಾಯಿತು. ಹಾರ ಹಿಡಿದವರು ಬಾಗಿಲಿಗೆ ಬಂದಿದ್ದರು. “ನಾಳೆ ಹೇಳ್ತೀನಿ,” ಎಂದರು ಬಾಯಿಯವರು, ರೂಢಿಯ ಬಲದಿಂದ.

ಜನವರಿ ಒಂದರಂದು ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಆದರೂ ಹನ್ನೊಂದು ಗಂಟೆಗೆ ಅವರು ಬಂದರು. ಹೊಸ ಶಿಕ್ಷಕರ ಅನುಮತಿ ಕೇಳಿ ಹತ್ತು ನಿಮಿಷ ಪಡೆದು, ಎಣ್ಣೆಯ ಸೀಸೆಯನ್ನು ಸೋನಾಲಿಯ ಕೈಗೆ ಕೊಟ್ಟರು. ಎಣ್ಣೆ ಹೆಪ್ಪುಗಟ್ಟುವಾಗ ತನ್ನ ಶಾಖವನ್ನು ಹೊರಗಿನ ಗಾಳಿಗೆ ಬಿಡುತ್ತದೆಂದೂ, ಗಾಳಿ ತಣ್ಣಗಿದ್ದಷ್ಟೂ ಆ ಶಾಖ ಅಲ್ಲಿ ಹರಡುವುದರ ತೂಕ ಹೆಚ್ಚೆಂದೂ, ಆ ತೂಕ ಎಣ್ಣೆಯ ಕಣಗಳು ಕಳೆದುಕೊಂಡ ಸ್ವಾತಂತ್ರ್ಯವನ್ನು ಮೀರಿದಾಗ ಎಣ್ಣೆ ಗಟ್ಟಿಯಾಗುತ್ತದೆಂದೂ, ಬಿಸಿಲು ಏರಿದ ಮೇಲೆ ಅದೇ ತೂಕ ಸಾಲದೆ ಮತ್ತೆ ಕರಗುತ್ತದೆಂದೂ ಬಿಡಿಸಿ ಹೇಳಿದರು. ಸೋನಾಲಿ ಸೀಸೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದಳು.

ಪೂಜ್ಯ ಮಂಗಲಾ ಬಾಯಿಯವರಿಗೆ ಕಣ್ಣು, ಕೈಕಾಲು ಗಟ್ಟಿಯಾಗಿದ್ದು, ಉಮಾಕಾಂತರೊಡನೆ ಮನೆಯ ನೆಮ್ಮದಿ ತುಂಬಿ, ನೂರರ ಆಚೆಗೂ ಅವರು ಗಡಿಭಾಗದ ಮಕ್ಕಳಿಗೆ ಹೀಗೆಯೇ ದೊರಕುತ್ತಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಲು ಮನಸ್ಸಿದೆ, ಹೇಳಿ ಪ್ರಯೋಜನವಿಲ್ಲ. ಜನವರಿ ಎರಡರಂದೂ ಅವರು ಶಾಲೆಗೆ ಬಂದಿದ್ದರು. ಸೋನಾಲಿಯ ಹತ್ತಿರ ಇನ್ನೂ ಎರಡು ಪ್ರಶ್ನೆಗಳಿದ್ದವಂತೆ.